ಬೀರುವಿನ ಗೇಮ್‌ಗಳು, ಅಪ್ಪನ ಗಡಿಯಾರ

ಕ್ಯಾಮೆರಾ ಸ್ವಲ್ಪ ಅಲ್ಲಾಡುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಟ್ರೈಪಾಡ್ ಒಂದಿತ್ತು. ಅದನ್ನೂ ಮಾರಿದೆ. ಈಗ ಫೋನು ಅಕ್ಕಿ ಡಬ್ಬದ ಮೇಲೆ ಕೂತಿದೆ.

ನಮಸ್ಕಾರ. ಇತ್ತೀಚೆಗೆ ನನಗೆ ಒಂದೇ ಥರದ ಮೆಸೇಜ್ ಜಾಸ್ತಿ ಬರುತ್ತಿದೆ. "ಅಣ್ಣಾ, ಬೆಂಗಳೂರಲ್ಲಿ ಕೆಲಸ ಹೋಯ್ತು. ಹಳೇ ವಿಡಿಯೋ ಗೇಮ್ಸ್ ಕಲೆಕ್ಷನ್ ಇದೆ. ಆನ್‌ಲೈನಲ್ಲಿ ಮಾರಿಬಿಡ್ಲಾ?" ಒಬ್ಬೊಬ್ಬರಿಗೂ ಟೈಪ್ ಮಾಡಿ ಬೆರಳು ನೋಯುತ್ತಿದೆ. ಅದಕ್ಕೇ ಈ ವಿಡಿಯೋ. ನಾನು 2020ರಲ್ಲಿ ಮಾರಿದವನು. ಸರಿಯಾಗಿ ಮಾರಿದ್ದು ಕಡಿಮೆ, ಎಡವಟ್ಟು ಮಾಡಿಕೊಂಡಿದ್ದೇ ಜಾಸ್ತಿ.

ಈಗ ಕಾಣುತ್ತಿರುವ ಶಟರ್ ತುಮಕೂರಿನ ಎಸ್.ಎಸ್. ಪುರಂನದು. ಇವತ್ತು ಇಲ್ಲಿ ಮೊಬೈಲ್ ಕವರ್ ಮಾರುತ್ತಾರೆ. 2009ರಿಂದ 2020ರ ಮಾರ್ಚ್‌ವರೆಗೆ ಇದು ನನ್ನ ಗೇಮ್ ಪಾರ್ಲರ್. ಮೂರು ಟಿವಿ, ಮೂರು ಪ್ಲೇಸ್ಟೇಷನ್ 2, ಕೊನೆಗೊಂದು ಪ್ಲೇಸ್ಟೇಷನ್ 3. ಗಂಟೆಗೆ 20 ರೂಪಾಯಿಯಿಂದ ಶುರು. ಇಂಜಿನಿಯರಿಂಗ್ ಹುಡುಗರಿಗೆ ಇಂಟರ್ನಲ್ಸ್ ಮುಗಿದ ದಿನ ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ನೋಡಿದರೆ ಒಳಗೆ ಮದುವೆ ನಡೆಯುತ್ತಿದೆ ಅನ್ನಬೇಕು.

ಪಾರ್ಲರ್ ನಡೆದದ್ದು ಕಾಪಿ ಡಿಸ್ಕ್‌ಗಳ ಮೇಲೆ. ಮುಚ್ಚಿಡುವುದೇನು, ಆಗ ನಮ್ಮ ಕಡೆ ಪ್ಲೇಸ್ಟೇಷನ್ 2 ಕೊಂಡವರು ಮೊದಲು ಮಾಡಿಸುತ್ತಿದ್ದ ಕೆಲಸವೇ ಚಿಪ್ ಹಾಕಿಸುವುದು. ಚಿಪ್ ಇದ್ದರೆ 50 ರೂಪಾಯಿಯ ಕಾಪಿ ಓಡುತ್ತದೆ. ಒರಿಜಿನಲ್‌ಗೆ ಸಾವಿರ ಕೊಡುವ ದಡ್ಡ ಯಾರು? ನಾನೇ. ಕೈಯಲ್ಲಿ ಕಾಸು ಉಳಿದ ತಿಂಗಳು ಒಂದು ಒರಿಜಿನಲ್ ತರುತ್ತಿದ್ದೆ. ಆಡುತ್ತಿರಲಿಲ್ಲ. ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನುಸಿ ಗುಳಿಗೆ ವಾಸನೆಯಲ್ಲಿ ಇಟ್ಟುಬಿಡುತ್ತಿದ್ದೆ. ಗಿರಾಕಿ ಕೈಗೆ ಕಾಪಿ, ಬೀರುವಿಗೆ ಒರಿಜಿನಲ್. ಅಮ್ಮ ಬೈಯುತ್ತಿದ್ದರು. ಅದೇ ಹುಚ್ಚು ಆಮೇಲೆ ನಮ್ಮ ಮನೆಯ ಗ್ಯಾಸು, ಕರೆಂಟು, ಅಪ್ಪನ ಬಿ.ಪಿ. ಮಾತ್ರೆ ಎಲ್ಲ ನೋಡಿಕೊಂಡಿತು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಸಿಯಿತು ಎಂದು ಸರ್ಕಾರವೇ ಆಗಸ್ಟ್ ಕೊನೆಗೆ ಲೆಕ್ಕ ಕೊಟ್ಟಿತು. ನನ್ನದು ನೂರಕ್ಕೆ ನೂರು ಕುಸಿದಿತ್ತು. ಬಾಡಿಗೆ ಮಾತ್ರ ಗಟ್ಟಿಯಾಗಿ ನಿಂತಿತ್ತು, ಪ್ರತಿ ತಿಂಗಳು ಐದನೇ ತಾರೀಖು.

ಆ ಐದನೇ ತಾರೀಖೇ ನನ್ನನ್ನು ಕೆಡಿಸಿದ್ದು. ಜೂನ್ ಮೂರಕ್ಕೆ ಬೀರು ತೆಗೆದೆ. 22 ಗೇಮ್‌ಗಳನ್ನು ಹಾಸಿಗೆ ಮೇಲೆ ಹರಡಿ ಒಂದೇ ಫೋಟೋ ತೆಗೆದು, "ಅರ್ಜೆಂಟ್ ಸೇಲ್" ಅಂತ ಹಾಕಿದೆ. ಆ ಎರಡು ಪದಕ್ಕೆ ನಾನು ತೆತ್ತ ದಂಡ ಎಷ್ಟು ಅಂತ ಈಗಲೂ ಲೆಕ್ಕ ಹಾಕಲು ಮನಸ್ಸಾಗುವುದಿಲ್ಲ. ಬೆಂಗಳೂರಿನವನೊಬ್ಬ ಅರ್ಧ ಗಂಟೆಯಲ್ಲಿ ಫೋನ್ ಮಾಡಿದ. "ಬ್ರೋ, ಎಲ್ಲಾ ಸೇರಿಸಿ ಒಂಬತ್ತು ಸಾವಿರ. ಈಗ್ಲೇ ಹಾಕ್ತೀನಿ." ಹಾಕಿದ. ನಾನು ಖುಷಿಯಾಗಿ ಅಮ್ಮನಿಗೆ ತೋರಿಸಿದೆ. ಮೂರು ವಾರದ ನಂತರ ಅದೇ ಗೇಮ್‌ಗಳು ಒಂದೊಂದಾಗಿ, ಬೇರೆ ಬೇರೆ ಫೋಟೋಗಳೊಂದಿಗೆ, ಆನ್‌ಲೈನಿನಲ್ಲಿ ಕಂಡವು. ನಾಲ್ಕು ಗೇಮ್‌ಗಳ ಬೆಲೆಯಲ್ಲೇ ಅವನ ಒಂಬತ್ತು ಸಾವಿರ ವಾಪಸ್ ಬರುವಂತಿತ್ತು. ಅವನು ಮೋಸ ಮಾಡಲಿಲ್ಲ, ಒಪ್ಪುತ್ತೇನೆ. ಅವನಿಗೆ ಕಾಯಲು ಆಗುತ್ತಿತ್ತು, ನನಗೆ ಆಗುತ್ತಿರಲಿಲ್ಲ, ಅಷ್ಟೇ. ಕೊಳ್ಳುವವನಿಗೆ ನಿಮ್ಮ ಐದನೇ ತಾರೀಖು ಗೊತ್ತಾಗಬಾರದು.

ಇನ್ನೊಂದು ಹೊಟ್ಟೆ ಉರಿಯುವ ವಿಷಯ. ನಾನು ಹೀಗೆ ಅಗ್ಗಕ್ಕೆ ಕೊಡುತ್ತಿದ್ದ ಅದೇ ತಿಂಗಳುಗಳಲ್ಲಿ ಹೊರದೇಶಗಳಲ್ಲಿ ಹಳೆಯ ಗೇಮ್‌ಗಳ ಬೆಲೆ ಏರುತ್ತಿತ್ತು. ಜನ ಮನೆಯಲ್ಲಿ ಕೂತಿದ್ದರು, ಚಿಕ್ಕವರಿದ್ದಾಗ ಆಡಿದ್ದನ್ನು ಹುಡುಕಿ ಕೊಳ್ಳುತ್ತಿದ್ದರು. ಕೆಲಸ ಕಳೆದುಕೊಂಡವರು ಮಾರುತ್ತಾರೆ, ಬೆಲೆ ಬೀಳುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಹರಾಜಿನಲ್ಲಿ ಸೀಲ್ ಒಡೆಯದ ಒಂದು ಸೂಪರ್ ಮಾರಿಯೋ 64 ಹೋಗಿದ್ದು 15 ಲಕ್ಷ 60 ಸಾವಿರ ಡಾಲರಿಗೆ. ಆಗಿನ ಲೆಕ್ಕದಲ್ಲಿ ನಮ್ಮ 11 ಕೋಟಿ ರೂಪಾಯಿ ದಾಟುತ್ತದೆ. ಅದೇನು ಅಪರೂಪದ ಗೇಮಾ? ಅಲ್ಲವೇ ಅಲ್ಲ, ಕೋಟಿಗೂ ಮೀರಿ ಕಾಪಿಗಳು ಮಾರಾಟವಾದ ಗೇಮು. ಅಪರೂಪವಾಗಿದ್ದು ಅದರ ಪ್ಲಾಸ್ಟಿಕ್ ಹೊದಿಕೆ. 1996ರಿಂದ ಯಾರೂ ಉಗುರು ತಾಗಿಸದೆ, ಎಷ್ಟು ಚೆನ್ನಾಗಿ ಉಳಿದಿದೆ ಅನ್ನುವುದಕ್ಕೆ ಹತ್ತಕ್ಕೆ 9.8 ಅಂಕ ತೆಗೆದುಕೊಂಡ ಡಬ್ಬ. ಅಷ್ಟು ಬೆಲೆ ನಿಜವಾದದ್ದಾ ಎಂದು ಆಮೇಲೆ ಅನುಮಾನಗಳೂ ಎದ್ದವು, ಮುಂದೆ ಪೇಟೆ ಇಳಿಯಿತು ಕೂಡ. ಆ ಸುದ್ದಿ ಓದಿ ನಮ್ಮ ಪಕ್ಕದ ಮನೆಯವರು, ಅಟ್ಟದಲ್ಲಿದ್ದ "9999 ಇನ್ 1" ಕ್ಯಾಸೆಟ್ ಹಿಡಿದುಕೊಂಡು ಬಂದು, "ಇದಕ್ಕೆ ಒಂದು ಲಕ್ಷನಾದ್ರೂ ಬರಲ್ವಾ?" ಅಂದರು. ನಗಲಿಲ್ಲ ನಾನು. ಕಷ್ಟಕಾಲದಲ್ಲಿ ಅಟ್ಟ ಹತ್ತದವರು ಯಾರು?

ಈ ಡಬ್ಬದ ವ್ಯವಹಾರ ನನಗಿಂತ ಮೊದಲು ಅರ್ಥ ಮಾಡಿಕೊಂಡವರು ಅಪ್ಪ. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. 1978ರಲ್ಲಿ ಶುರುವಾದ ಕಾರ್ಖಾನೆ ಅದು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಆ ಜಾಗ ಈಗ ಇಸ್ರೋಗೆ ಹೋಗಿದೆ. ಮುಚ್ಚುವ ಸುದ್ದಿ ಬಂದಾಗ ಒಂದು ವಿಚಿತ್ರ ನಡೆಯಿತು. ಯಾರೂ ಮುಟ್ಟದೆ ಬಿಟ್ಟಿದ್ದ ಜನತಾ, ಪೈಲಟ್ ವಾಚುಗಳಿಗೆ ಜನ ಮುಗಿಬಿದ್ದರು. ಅಪ್ಪ ಆಗ ಒಂದು ಪೈಲಟ್ ಮಾರಿದ್ದರು. ಅವರ ಗೆಳೆಯರೂ ಅದೇ ಮಾದರಿಯ ವಾಚು ಮಾರಿದರು. ಅಪ್ಪನಿಗೆ ಹೆಚ್ಚುಕಡಿಮೆ ದುಪ್ಪಟ್ಟು ಸಿಕ್ಕಿತು. ಕಾರಣ, ಅವರ ಹತ್ತಿರ ಡಬ್ಬ ಇತ್ತು, ಗ್ಯಾರಂಟಿ ಕಾರ್ಡ್ ಇತ್ತು.

ನನ್ನ ಒಂಬತ್ತು ಸಾವಿರದ ಕಥೆ ಕೇಳಿ ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು, ಉಳಿದಿದ್ದ ಒಂದು ಗೇಮ್ ಎತ್ತಿಕೊಂಡರು. "ಇದ್ರಲ್ಲಿ ಪುಸ್ತಕ ಎಲ್ಲಿ?" ಅಂದರು. ಬುಕ್‌ಲೆಟ್ ತೋರಿಸಿದೆ. "ಡಯಲ್ ಬದಲಾಯಿಸಿದ ವಾಚು ಹೊಸದರ ಥರ ಹೊಳೀತದೆ ಕಣಪ್ಪಾ. ಗೊತ್ತಿಲ್ದವನು ಅದನ್ನೇ ತಗೊಳ್ತಾನೆ. ಗೊತ್ತಿರೋನು ಮುಟ್ಟಲ್ಲ. ನಿನ್ನದರಲ್ಲಿ ಹಂಗೇನೂ ಇಲ್ವಾ?"

ಇದೆ ಅಪ್ಪ, ಬೇಕಾದಷ್ಟಿದೆ. ಒಡೆದ ಗೇಮಿಗೆ ಮತ್ತೆ ಪ್ಲಾಸ್ಟಿಕ್ ಸುತ್ತಿ ಸೀಲ್ ಅನ್ನುವವರಿದ್ದಾರೆ. ಕಲರ್ ಪ್ರಿಂಟ್ ತೆಗೆದು ಕವರ್ ಮಾಡುವವರಿದ್ದಾರೆ. ಇಲ್ಲಿ ನೋಡಿ, ಕ್ಯಾಮೆರಾ ಹತ್ತಿರ ತರುತ್ತೇನೆ. ಡಿಸ್ಕ್ ತಿರುಗಿಸಿ. ಪ್ಲೇಸ್ಟೇಷನ್ 2ರ ಒರಿಜಿನಲ್ ಡಿವಿಡಿ ಹಿಂಭಾಗ ಬೆಳ್ಳಿಯ ಹಾಗಿರುತ್ತದೆ. ಕೆಲವು ಗೇಮ್‌ಗಳು ಸಿ.ಡಿ.ಯಲ್ಲಿ ಬಂದಿದ್ದವು, ಅವು ನೀಲಿ. ನೇರಳೆ ಛಾಯೆ ಕಂಡರೆ ಯಾರೋ ಕಂಪ್ಯೂಟರಿನಲ್ಲಿ ಬರೆದದ್ದು. ಮಧ್ಯದ ತೂತಿನ ಸುತ್ತ ಸಣ್ಣ ಅಕ್ಷರಗಳು, ನಂಬರ್‌ಗಳು ಇವೆಯಲ್ಲ, ಅದರದೊಂದು ಫೋಟೋ ಖಂಡಿತ ಹಾಕಿ. ನಾನು ಹಾಕಲು ಶುರು ಮಾಡಿದ ಮೇಲೆ ಬರುವ ಗಿರಾಕಿಗಳ ಮಾತಿನ ರೀತಿಯೇ ಬದಲಾಯಿತು. "ಲಾಸ್ಟ್ ಪ್ರೈಸ್ ಎಷ್ಟು" ಅನ್ನುವವರು ಕಡಿಮೆಯಾದರು. "ಬುಕ್‌ಲೆಟ್ ಪಿನ್ ತುಕ್ಕು ಹಿಡಿದಿದೆಯಾ" ಅನ್ನುವವರು ಬಂದರು. ತುಮಕೂರಿನ ಒಣ ಹವೆ ಇಲ್ಲಿ ನನಗೆ ವರ. ಕರಾವಳಿ ಕಡೆಯಿಂದ ನಾನು ಕೊಂಡಿದ್ದ ಎರಡು ಬುಕ್‌ಲೆಟ್‌ಗಳು ಬೂಷ್ಟು ಹಿಡಿದು ಬಂದಿದ್ದವು. ನನ್ನವಕ್ಕೆ ನುಸಿ ಗುಳಿಗೆ ವಾಸನೆ ಬಿಟ್ಟರೆ ಬೇರೆ ದೋಷ ಇಲ್ಲ.

ಮೋಸದ ಕಥೆ ಒಂದನ್ನು ಬೇಗ ಹೇಳಿ ಮುಗಿಸುತ್ತೇನೆ, ನೆನೆದರೆ ನಾಚಿಕೆಯಾಗುತ್ತದೆ. "ನಾನು ಸೈನ್ಯದಲ್ಲಿದ್ದೀನಿ, ಬರೋಕೆ ಆಗಲ್ಲ, ಮೊದಲೇ ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದ ಒಬ್ಬ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. 2,400 ರೂಪಾಯಿ ಹೋಯಿತು. ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಅವತ್ತು ನಾಲ್ಕನೇ ತಾರೀಖು.

ಅದಾದ ಮೇಲೆ ಪ್ಯಾಕಿಂಗ್‌ನಲ್ಲೂ ಹುಷಾರಾದೆ. ಡಿಸ್ಕ್ ನಂಬರ್ ತೋರಿಸುವುದರಿಂದ ಹಿಡಿದು ಟೇಪ್ ಸುತ್ತುವವರೆಗೆ ನಿಲ್ಲಿಸದೆ ಒಂದೇ ವಿಡಿಯೋ. ಗಿರಾಕಿ ನಾಳೆ ತನ್ನ ಗೀರು ಬಿದ್ದ ಡಿಸ್ಕ್ ಇಟ್ಟು ವಾಪಸ್ ಕಳಿಸಿದರೆ ತೋರಿಸಲು ಏನಾದರೂ ಬೇಕಲ್ಲ. ಕೇಸಿನೊಳಗೆ ಡಿಸ್ಕ್ ಕಚ್ಚಿ ಹಿಡಿಯುವ ಹಲ್ಲುಗಳು ಮುರಿದಿದ್ದರೆ ಮೆತ್ತನೆ ಬಟ್ಟೆ ಇಡಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಡಿಸ್ಕ್ ಗಿಲಕಿ ಆಡಿಕೊಂಡು ಹೋಗುತ್ತದೆ.

ಅಚ್ಚರಿ ತಂದದ್ದು ನಾನು ಲೆಕ್ಕಕ್ಕೇ ಇಟ್ಟಿರದ ಗೇಮ್‌ಗಳು. ಹೊರದೇಶದ ದೊಡ್ಡ ಹೆಸರಿನವು ಅಲ್ಲಿ ಬೇಕಾದಷ್ಟಿವೆ, ನನ್ನ ಹತ್ತಿರ ಯಾಕೆ ಕೇಳುತ್ತಾರೆ? ಅವರು ಕೇಳಿದ್ದು "ಹನುಮಾನ್: ಬಾಯ್ ವಾರಿಯರ್". 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ ಪ್ಲೇಸ್ಟೇಷನ್ 2 ಗೇಮ್. ಅದೇ ವರ್ಷ ಬಂದ "ದೇಸಿ ಅಡ್ಡಾ" ಕೂಡ ಕೇಳಿದರು, ಚಿನ್ನಿದಾಂಡು, ಕಬಡ್ಡಿ ಇರುವ ಗೇಮು. ಆಡಲು ಅಷ್ಟೇನೂ ಚೆನ್ನಾಗಿಲ್ಲ, ಹನುಮಂತ ನನ್ನನ್ನು ಕ್ಷಮಿಸಲಿ. ಪಾರ್ಲರಿನಲ್ಲಿ ಹಾಕಿದರೆ ಹುಡುಗರು ಹತ್ತು ನಿಮಿಷಕ್ಕೆ ತೆಗೆಸುತ್ತಿದ್ದರು. ಆದರೆ ನಮ್ಮ ದೇಶದಲ್ಲೇ ತಯಾರಾದ, ಯಾರೂ ಜೋಪಾನ ಮಾಡದ ಗೇಮ್‌ಗಳು ಅವು. ಎರಡನ್ನೂ ಸೇರಿಸಿ ಕೊಳ್ಳುವಾಗ ನಾನು ಕೊಟ್ಟಿದ್ದು ಸಾವಿರದ ಆಸುಪಾಸು. ಬಂದ ದುಡ್ಡಿನಲ್ಲಿ ಎರಡು ತಿಂಗಳ ಬಾಡಿಗೆ ಬಾಕಿ ತೀರಿತು. ಈ ಸಲ ಅರ್ಜೆಂಟ್ ಅಂತ ಬರೆದಿರಲಿಲ್ಲ. ಏಳು ವಾರ ಕಾದಿದ್ದೆ. ಕಾಯಲು ಆದದ್ದು ಹೇಗೆ ಅಂದರೆ, ಬೆಳಗ್ಗೆ ಹೊತ್ತು ಅಂತರಸನಹಳ್ಳಿ ಮಾರುಕಟ್ಟೆಯಿಂದ ತರಕಾರಿ ತಂದು ಮನೆಮನೆಗೆ ಕೊಡುವ ಕೆಲಸ ಹಿಡಿದಿದ್ದೆ. ಟೊಮೆಟೊ ಕಾಯುವುದಿಲ್ಲ, ಅವತ್ತೇ ಮಾರಬೇಕು. ಗೇಮ್ ಕಾಯುತ್ತದೆ. ಹೊಟ್ಟೆಗೆ ಟೊಮೆಟೊ ದುಡ್ಡು ಬಂದ ಮೇಲೇ ಗೇಮಿಗೆ ಬೆಲೆ ಬಂದಿದ್ದು.

ಕೊನೆಗೆ ಉಳಿದದ್ದು ಇದು. ನೋಡಿ, ಹಸಿರು ಬಣ್ಣ, ಬೆಳಕಿಗೆ ಹಿಡಿದರೆ ಒಳಗಿನ ಬೋರ್ಡ್ ಕಾಣುತ್ತದೆ. ಪೋಕೆಮಾನ್ ಎಮರಾಲ್ಡ್ ಗೇಮಿನ ಕ್ಯಾಸೆಟ್, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನದು. ಇದು ಅವತ್ತು ಮಾರುವ ಮುಂಚೆ ತೆಗೆದ ವಿಡಿಯೋ. ದುಬೈನಲ್ಲಿದ್ದ ಸೋದರಮಾವ ತಂದುಕೊಟ್ಟಿದ್ದರು. ಇದರ ನಕಲಿಗಳು ಎಲ್ಲೆಲ್ಲೂ ಇವೆ. ಅಸಲಿಯ ಲೇಬಲ್ ಮೇಲೆ ಎರಡು ಅಂಕೆ ಒತ್ತಿದ ಗುರುತು ಇರುತ್ತದೆ, ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಎಲ್ಲ ಸರಿಯಿತ್ತು. ಆನ್ ಮಾಡಿದರೆ ಮಾತ್ರ ಒಂದು ಸಂದೇಶ: ಒಳಗಿನ ಬ್ಯಾಟರಿ ಮುಗಿದಿದೆ, ಆಟ ಆಡಬಹುದು, ಗಡಿಯಾರದ ಮೇಲೆ ನಡೆಯುವ ಸಂಗತಿಗಳು ಇನ್ನು ನಡೆಯುವುದಿಲ್ಲ.

ಆ ಗೇಮಿನೊಳಗೆ ಒಂದು ಗಡಿಯಾರ ಇದೆ. ಅದು ನಿಂತರೆ ನೆಟ್ಟ ಬೆರ್ರಿ ಗಿಡಗಳು ಬೆಳೆಯುವುದಿಲ್ಲ.

ಅಪ್ಪನಿಗೆ ಓದಿ ಹೇಳಿದೆ. "ಗಡಿಯಾರನಾ? ಕೊಡಿಲ್ಲಿ" ಅಂದರು. ಮೂರು ಮೂಲೆಯ ಸ್ಕ್ರೂಡ್ರೈವರ್ ನಾನು ತರಿಸಿಕೊಟ್ಟೆ. ಉಳಿದದ್ದೆಲ್ಲ ಅವರದೇ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್, ಚಿಮಟ, ಹಳೆಯ ಸಾಲ್ಡರಿಂಗ್ ಐರನ್. ಒಳಗಿದ್ದದ್ದು ಸಿಆರ್1616 ಅನ್ನುವ ಬಿಲ್ಲೆ ಬ್ಯಾಟರಿ. ತೆಗೆದು ಹೊಸದು ಕೂರಿಸಿದರು. ಅಷ್ಟೂ ಹೊತ್ತು ಕೈ ಒಂದಿಷ್ಟೂ ನಡುಗಲಿಲ್ಲ. ಟೀ ಲೋಟ ಹಿಡಿಯುವಾಗ ನಡುಗುವ ಕೈ ಅದು.

ಒಂದು ತೊಂದರೆ ಉಳಿಯಿತು. ಬ್ಯಾಟರಿ ಹೊಸದಾದರೂ, ಆಡಿದಷ್ಟನ್ನು ಉಳಿಸಿಟ್ಟಿದ್ದ ಹಳೆಯ ಸೇವ್‌ನಲ್ಲಿ ಗಡಿಯಾರ ಸರಿಹೋಗಲಿಲ್ಲ, ಆಟ ಮೊದಲಿನಿಂದ ಶುರು ಮಾಡಬೇಕಿತ್ತು. ಆ ಸೇವ್‌ನಲ್ಲಿ ನನ್ನ ಪಿಯುಸಿ ರಜೆ ಪೂರ್ತಿ ಇತ್ತು. ಅಳಿಸಿದೆ. ಆ ಭಾಗ ಶೂಟ್ ಮಾಡಿಲ್ಲ.

ಮಾರಾಟಕ್ಕೆ ಹಾಕುವಾಗ ಬ್ಯಾಟರಿ ಬದಲಾಗಿದೆ ಅಂತ ಸ್ಪಷ್ಟವಾಗಿ ಬರೆದೆ. ಬರೆಯದಿದ್ದರೆ ಅದು ಡಯಲ್ ಬದಲಾಯಿಸಿದ ವಾಚೇ ಅಲ್ವಾ? ಕೋಲಾರದ ಹುಡುಗನೊಬ್ಬ ಕೇಳಿದ, "ಬ್ಯಾಟರಿ ಯಾರು ಹಾಕಿದ್ದು ಸರ್? ಕೈ ಕೆಲಸ ಹೇಗಿದೆ?" ಬೋರ್ಡಿನ ಫೋಟೋ ಕಳಿಸಿ, "ಎಚ್‌ಎಂಟಿಯಲ್ಲಿದ್ದವರು" ಅಂತ ಬರೆದೆ. ಚೌಕಾಸಿ ಮಾಡಲಿಲ್ಲ. 5,500 ಕಳಿಸಿದ.

ಹತ್ತು ದಿನದ ನಂತರ ಅವನಿಂದ ಒಂದು ಫೋಟೋ ಬಂತು. ಪುಟ್ಟ ಸ್ಕ್ರೀನಿನಲ್ಲಿ ಕಂದು ಮಣ್ಣು, ಅದರಲ್ಲೊಂದು ಮೊಳಕೆ. "ಅಂಕಲ್‌ಗೆ ತೋರಿಸಿ ಸರ್" ಅಂತ ಕೆಳಗೆ ಬರೆದಿದ್ದ.

ತೋರಿಸಿದೆ. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ತುಂಬ ಹೊತ್ತು ನೋಡಿದರು.

"ದಿನಕ್ಕೆ ಎಷ್ಟು ಸಲ ನೀರು ಹಾಕ್ಬೇಕಂತೆ?" ಅಂದರು.