ನಿಂತ ಎಂಜಿನ್, ಹಾರಿದ ಎಂಜಿನ್

ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತ ಡೀಸೆಲ್ ಪಂಪ್‌ಸೆಟ್ಟನ್ನು ಫೆಬ್ರವರಿಯಲ್ಲಿ ಕಾಫಿ ಹೂವಿನ ನೀರಿಗೆ ಅಂತ ಹೊರಗೆ ತೆಗೆಯುತ್ತೇವೆ. ಅದು ಎಷ್ಟು ಸತಾಯಿಸುತ್ತೆ ಅಂತ ತೋಟದವರಿಗೆ ಗೊತ್ತು, ಅಲ್ವಾ? ಸೆಕೆಂಡ್ ಹ್ಯಾಂಡ್ ವಿಮಾನ ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ನಾನು ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಾಟ ಕಲಿತವನು. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಜೊತೆ ಒಂದು ಸೆಸ್ನಾ 172 ನೋಡಲು ಹೋಗಿದ್ದೆ. ನಾಲ್ಕು ಸೀಟಿನ ಪುಟ್ಟ ವಿಮಾನ. ಬಣ್ಣ ಹೊಸದು. ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ದುರಸ್ತಿ, ಆದ ಮೇಲೆ ಎಂಜಿನ್ ಓಡಿದ್ದು ಬರೀ 300 ಗಂಟೆ. ಈ ಲೈಕಮಿಂಗ್ ಎಂಜಿನ್‌ಗೆ 2,000 ಗಂಟೆಗೊಮ್ಮೆ ಓವರ್‌ಹಾಲ್. ಗೆಳೆಯರು ಅಡ್ವಾನ್ಸ್ ಕೊಡಲು ಆಗಲೇ ಸಿದ್ಧ.

ಲಾಗ್ ಬುಕ್ ತಿರುವಿದೆ. ಹಿಂದಿನ ನಾಲ್ಕು ವರ್ಷದಲ್ಲಿ ಹಾರಿದ್ದು 11 ಗಂಟೆ. ಜೊತೆಗೆ ಬಂದಿದ್ದ ನಮ್ಮ ಎಂಜಿನಿಯರ್ ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿದರು. ಮಿನುಗುವ ಪುಡಿ. ಅಯಸ್ಕಾಂತ ಹಿಡಿದರೆ ಅಂಟಿಕೊಂಡಿತು. ಒಂದು ಸಿಲಿಂಡರ್ ಬಿಚ್ಚಿ ನೋಡಿದಾಗ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಸುವ ಉಕ್ಕಿನ ದಂಡ, ಸವೆದಿತ್ತು.

ಕಾರಣ ಸರಳ. ಈ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿದೆ. ನಿಂತರೆ ಎಣ್ಣೆಯೆಲ್ಲ ಕೆಳಗಿಳಿಯುತ್ತದೆ. ತೇವದ ಗಾಳಿಗೆ ತುಕ್ಕು ಹಿಡಿಯುತ್ತದೆ. ಮುಂದೆ ಸ್ಟಾರ್ಟ್ ಮಾಡಿದಾಗ ಆ ತುಕ್ಕೇ ಲೋಹವನ್ನು ತಿನ್ನುತ್ತದೆ. "ಆಗಾಗ ಸುಮ್ನೆ ಸ್ಟಾರ್ಟ್ ಮಾಡಿ ಇಟ್ಟಿದ್ದೀವಿ" ಎಂದರೆ ಸಮಾಧಾನ ಪಡಬೇಡಿ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಎಣ್ಣೆ ಸರಿಯಾಗಿ ಕಾಯುವುದಿಲ್ಲ, ಒಳಗಿನ ನೀರಿನಂಶ ಒಳಗೇ ಉಳಿಯುತ್ತದೆ. ಗಂಟೆ ಕಡಿಮೆ ಇದ್ದರೂ ಓವರ್‌ಹಾಲ್ ಆಗಿ 12 ವರ್ಷವಾದರೆ ಮತ್ತೆ ಮಾಡಿಸಿ ಎಂದು ತಯಾರಕರೇ ಹೇಳುವುದು ಸುಮ್ಮನೆ ಅಲ್ಲ.

ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ವಿಷಯ. ಹಾಸನ ಇರುವುದು ಸುಮಾರು 3,100 ಅಡಿ ಎತ್ತರದಲ್ಲಿ. 30 ಡಿಗ್ರಿ ಬಿಸಿಲಿದ್ದರೆ ಇಲ್ಲಿನ ಗಾಳಿ 5,600 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಎಂಜಿನ್ ಬಲ ಕುಗ್ಗುತ್ತದೆ, ಮೇಲೇಳಲು ರನ್‌ವೇ ಜಾಸ್ತಿ ಬೇಕು. ಹಾಗಾಗಿ 110 ಕುದುರೆಬಲದ ಸೆಸ್ನಾ 152 ಅಗ್ಗಕ್ಕೆ ಸಿಕ್ಕಿತು ಎಂದು ಆತುರ ಬೇಡ. 172ರಲ್ಲೂ ನಾಲ್ಕು ಜನ ದೊಡ್ಡವರು ಕೂತು ಟ್ಯಾಂಕ್ ತುಂಬಿಸಿದರೆ ತೂಕದ ಮಿತಿ ದಾಟುವುದುಂಟು. ವಿಮಾನದ ಖಾಲಿ ತೂಕದ ಕಾಗದ ಕೇಳಿ ಪಡೆದು ಲೆಕ್ಕ ಹಾಕಿ.

ಇಂಧನದ್ದೂ ವಿಚಾರಿಸಿಕೊಳ್ಳಿ. ಈ ವಿಮಾನಗಳಿಗೆ ಬೇಕಾದದ್ದು ಆವ್‌ಗ್ಯಾಸ್, ಅಂದರೆ ಪುಟ್ಟ ವಿಮಾನಗಳ ಪೆಟ್ರೋಲ್. ಇಂಡಿಯನ್ ಆಯಿಲ್ 2022ರಲ್ಲಿ ಅದನ್ನು ಇಲ್ಲೇ ತಯಾರಿಸಲು ಶುರುಮಾಡಿತು. ಆದರೂ ಎಲ್ಲ ಕಡೆ ಸಿಗುವುದಿಲ್ಲ.

ನನ್ನ ಗೆಳೆಯರು ಆ ವಿಮಾನ ಬಿಟ್ಟರು. ಮರುವರ್ಷ 1,400 ಗಂಟೆ ಓಡಿದ ಇನ್ನೊಂದನ್ನು ಕೊಂಡರು. ಬಣ್ಣ ಮಾಸಿತ್ತು, ಆದರೆ ವಾರವಾರವೂ ಹಾರಿದ ವಿಮಾನ. ಈಗಲೂ 50 ಗಂಟೆಗೊಮ್ಮೆ ಎಣ್ಣೆ ಬದಲಾಯಿಸುವಾಗ ಫಿಲ್ಟರ್ ಕಾಗದದ ಫೋಟೋ ನನಗೆ ಕಳುಹಿಸುತ್ತಾರೆ. ಹೋದ ತಿಂಗಳು ಬಂದದ್ದರಲ್ಲೂ ಒಂದು ಚೂರು ಮಿನುಗು ಇರಲಿಲ್ಲ.

ನಮಸ್ಕಾರ.