ಬೆಟ್ಟಕ್ಕೆ ಹೋದ ಮೇಲೆ ಕಂಡ ಕಡಲ ಗಾಳಿ

ಎಲ್ಲರಿಗೂ ನಮಸ್ಕಾರ.

ಹೊರಗೆ ಇನ್ನೂ ಹನಿಯುತ್ತಿದೆ. ಆದರೂ ನನ್ನ ಚಿತ್ರ, ಫೋಟೋಗಳನ್ನು ನೋಡಲು ಇಷ್ಟು ಜನ ಬಂದಿದ್ದೀರಿ, ತುಂಬ ಸಂತೋಷ. ನಾನು ಚಿತ್ರ ಬಿಡಿಸುವುದನ್ನು ಯಾರ ಹತ್ತಿರವೂ ಕಲಿತವಳಲ್ಲ. 26 ವರ್ಷ ಇದೇ ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ ಮಾಡಿದೆ. ಭಾನುವಾರ ಬಂದರೆ ಸ್ಕೆಚ್ ಪುಸ್ತಕ ಹಿಡಿದು ಬಂದರಿಗೋ ಉಳ್ಳಾಲಕ್ಕೋ ಹೋಗುತ್ತಿದ್ದೆ. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ನಾವು ಮನೆಯವರು ಹಿಮಾಚಲದ ಕುಲ್ಲು ಕಣಿವೆಯಲ್ಲಿ, ನಗ್ಗರ್ ಹತ್ತಿರದ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಪತ್ಲಿಕುಹಲ್‌ಗೆ. ಬಿಯಾಸ್ ನದಿ ದಾಟಿದರೆ ನಗ್ಗರ್ ಏರು ಶುರು.

ಸಾಮಾನು ಲಾರಿಯಲ್ಲಿ ಬಂತು. ದಾರಿಯಲ್ಲಿ ಎಲ್ಲೋ ಒಂದು ಪೆಟ್ಟಿಗೆ ನೀರಲ್ಲಿ ನೆನೆದಿತ್ತು. ಅದರಲ್ಲಿದ್ದದ್ದು ನನ್ನ ಹಳೆಯ ಒಂಬತ್ತು ಸ್ಕೆಚ್ ಪುಸ್ತಕಗಳು. ಸಾಗಾಟದವರು ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡಿದರು, ಅಷ್ಟೇ. ಅವತ್ತು ಕೂತು ಅತ್ತೆ. ಶಾಯಿಯಲ್ಲಿ ಬಿಡಿಸಿದ್ದೆಲ್ಲ ಕರಗಿ ನೀಲಿ ಕಲೆಯಾಗಿತ್ತು. ಪೆನ್ಸಿಲ್‌ನದ್ದು ಮಾತ್ರ ಗೆರೆ ಗೆರೆಯೂ ಹಾಗೇ ಇತ್ತು. ಇಲ್ಲಿರುವ ಗೆರೆ ಚಿತ್ರಗಳೆಲ್ಲ ಪೆನ್ಸಿಲ್‌ನವು ಯಾಕೆ ಅಂತ ಬಾಗಿಲಲ್ಲಿ ಒಬ್ಬರು ಕೇಳಿದರಲ್ವಾ, ಇದೇ ಕಾರಣ.

ಈಗ ಎಡಗಡೆಯ ಮೊದಲ ಮೂರು ಜಲವರ್ಣಗಳನ್ನು ನೋಡಿ. ಅಲ್ಲಿಗೆ ಹೋದ ಮೊದಲ ತಿಂಗಳಿನವು. ಮೂರೂ ಸರಿ ಬಂದಿಲ್ಲ. ಬೆಟ್ಟ ಬೆಟ್ಟದ ಹಾಗೇ ಇದೆ, ದೇವದಾರು ಮರಗಳೂ ಇವೆ. ಆದರೆ ಆ ಜಾಗ ಅದಲ್ಲ. ಏನು ತಪ್ಪಾಗಿದೆ ಅಂತ ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ನಾವು ಊರಲ್ಲಿ ಘಟ್ಟ ಬಿಡಿಸುವುದು ಹೇಗೆ? ಹತ್ತಿರದ ಗುಡ್ಡಕ್ಕೆ ಗಾಢ ಹಸಿರು, ಅದರ ಹಿಂದಿನದಕ್ಕೆ ನೀಲಿ, ಕುದುರೆಮುಖದ ಸಾಲಿಗೆ ನೀರು ಜಾಸ್ತಿ ಮಾಡಿ ತೆಳು ಬೂದು. ಕೈಗೆ ಇದು ಅಭ್ಯಾಸವಾಗಿಬಿಟ್ಟಿದೆ. ನಮ್ಮ ಗಾಳಿ ಹಾಗಿದೆ. ಅದರಲ್ಲಿ ನೀರಿನ ಸಣ್ಣ ಹನಿ, ಉಪ್ಪಿನ ಕಣ ಎಲ್ಲ ತುಂಬಿರುತ್ತದೆ. ಬೆಳಕು ಅದಕ್ಕೆ ಬಡಿದು ಚದುರುತ್ತದೆ. ದೂರ ಹೋದಷ್ಟೂ ಬಣ್ಣ ಸೋರಿಹೋಗುತ್ತದೆ.

ನಗ್ಗರ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ಕುದುರೆಮುಖದ ಶಿಖರ 1,894 ಮೀಟರ್. ಅಂದರೆ ನಮ್ಮ ಕುದುರೆಮುಖದ ತುದಿಯ ಮಟ್ಟದಲ್ಲಿ ಅವರು ಮನೆ ಕಟ್ಟಿ, ಸೇಬು ಬೆಳೆದು, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ! ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಐದರಲ್ಲಿ ನಾಲ್ಕು ಪಾಲು ಮಾತ್ರ. ಮಳೆಗಾಲ ಮುಗಿದ ಮೇಲೆ ಗಾಳಿ ಒಣ, ತಿಳಿ. ಎದುರಿನ ಬೆಟ್ಟದ ಹೊಲದಲ್ಲಿ ಒಣಗಲು ಹಾಕಿದ ಮೆಕ್ಕೆಜೋಳದ ಹಳದಿ ಕೂಡ ಕಾಣುತ್ತಿತ್ತು. ಒಂದು ಗಂಟೆಯಲ್ಲಿ ಹೋಗಿ ಬರಬಹುದು ಅಂತ ಹೊರಟೆವು. ಮುಟ್ಟುವಾಗಲೇ ಮಧ್ಯಾಹ್ನ. ಅಲ್ಲಿ ಕಣ್ಣಿಗೆ ಹತ್ತಿರ ಅನಿಸಿದ್ದನ್ನು ನನ್ನ ಕೈ ಮಾತ್ರ ಹಳೇ ರೂಢಿಯಲ್ಲಿ ತೆಳು ಬೂದು ಮಾಡುತ್ತಿತ್ತು. ನಗ್ಗರ್‌ನಲ್ಲಿ ಕೂತು ಮಂಗಳೂರಿನ ಗಾಳಿ ಬಿಡಿಸುತ್ತಿದ್ದೆ.

ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ 1928ರಿಂದ 1947ರಲ್ಲಿ ತೀರಿಕೊಳ್ಳುವ ತನಕ ನಗ್ಗರ್‌ನಲ್ಲೇ ಮನೆ ಮಾಡಿಕೊಂಡಿದ್ದವರು. ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿದ್ದ ಚಿತ್ರಕಾರ ಸ್ವೆತೊಸ್ಲಾವ್ ಇವರ ಮಗ. ನಿಕೊಲಾಯ್ ಅವರ ನಗ್ಗರ್ ಮನೆ ಈಗ ಮ್ಯೂಸಿಯಂ. ಅವರ ಚಿತ್ರಗಳ ನೇರಳೆ, ಕಡು ನೀಲಿ ಬೆಟ್ಟಗಳನ್ನು ಅಚ್ಚಿನಲ್ಲಿ ನೋಡಿದಾಗ ಎಲ್ಲ ಕಲ್ಪನೆ ಅಂದುಕೊಂಡಿದ್ದೆ. ಚಳಿಗಾಲದ ಒಂದು ಸಂಜೆ ಸೂರ್ಯ ಇಳಿದ ಮೇಲೆ ಹಿಮದ ಮೇಲಿನ ನೆರಳು ನೋಡಿದೆ. ಅದೇ ನೀಲಿ, ಅಷ್ಟೇ ಗಟ್ಟಿ. ಅವರು ಕಂಡದ್ದನ್ನೇ ಬಿಡಿಸಿದ್ದರು ಅಂತ ನನಗೆ ಖಾತ್ರಿಯಾಯಿತು.

ಫೋಟೋಗಳ ಬಗ್ಗೆ ಸ್ವಲ್ಪ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ಮಧ್ಯಮ ಬೂದು ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ ನನ್ನ ಮೊದಲ ಹಿಮದ ಫೋಟೋಗಳು ಒಲೆಯ ಬೂದಿಯ ಹಾಗೆ ಬಂದವು. ಎಕ್ಸ್‌ಪೋಷರ್ ಒಂದರಿಂದ ಎರಡು ಸ್ಟಾಪ್ ಏರಿಸಬೇಕು, ಅಂದರೆ ಒಳಗೆ ಬಿಡುವ ಬೆಳಕನ್ನು ಎರಡರಿಂದ ನಾಲ್ಕು ಪಟ್ಟು ಮಾಡಬೇಕು. ಇಷ್ಟು ಗೊತ್ತಾದರೆ ಸಾಕು. ಇನ್ನೊಂದು ಸುಖ ಅಂದರೆ ಅಲ್ಲಿ ಲೆನ್ಸಿಗೆ ಫಂಗಸ್ ಹೆದರಿಕೆ ಅಷ್ಟಾಗಿ ಇಲ್ಲ. ಇಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮಗುವಿನ ಹಾಗೆ ಕಾಯಬೇಕಿತ್ತು.

ಆ ಕಿಟಕಿ ಪಕ್ಕದ ಸಣ್ಣ ಚಿತ್ರಕ್ಕೆ ಹತ್ತಿರ ಹೋಗಿ ನೋಡಿ. ಆಕಾಶದಲ್ಲಿ ಜರಿಗಿಡದ ಎಲೆಗಳ ಹಾಗೆ ಗುರುತುಗಳಿವೆ. ಅವನ್ನು ನಾನು ಬಿಡಿಸಿಲ್ಲ. ಜನವರಿ ಬೆಳಿಗ್ಗೆ ಅಂಗಳದಲ್ಲಿ ಕೂತು ನೀಲಿ ಹಚ್ಚಿದೆ. ಹಾಳೆಯ ಮೇಲೇ ನೀರು ಹೆಪ್ಪುಗಟ್ಟಿತು. ಹರಳು ಬೆಳೆಯುತ್ತಾ ಬಣ್ಣವನ್ನು ಬದಿಗೆ ತಳ್ಳಿತು. ನಿಧಾನ ಒಳಗೆ ತಂದಿಟ್ಟೆ, ಗುರುತು ಉಳಿಯಿತು. ನನಗೆ ಇಲ್ಲಿರುವ ಎಲ್ಲದರಲ್ಲೂ ಜಾಸ್ತಿ ಇಷ್ಟ ಇದೇ.

ಮೊನ್ನೆ ಊರಿಗೆ ಬಂದಾಗ ಲೈಟ್‌ಹೌಸ್ ಹಿಲ್ಲಿನ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋದೆ. ಸಣ್ಣಂದಿನಿಂದ ನೋಡಿದ್ದೇ. ಅದರ ಗೋಡೆ, ಮಾಡಿನ ಚಿತ್ರಗಳನ್ನು ಅಂತೋನಿಯೋ ಮೊಸ್ಕೇನಿ ಬಿಡಿಸಿದ್ದು 1899ರಿಂದ 1901ರವರೆಗೆ. ಅವರ ಹುಟ್ಟೂರು ಇಟಲಿಯಲ್ಲಿ ಆಲ್ಪ್ಸ್ ಬುಡದ ಬೆರ್ಗಾಮೋ ಹತ್ತಿರ. ಅವರು ಬೆಟ್ಟದ ಕಡೆಯಿಂದ ಕಡಲಿಗೆ ಬಂದವರು, ನಾನು ಕಡಲಿಂದ ಬೆಟ್ಟಕ್ಕೆ ಹೋದವಳು. ಇಲ್ಲಿಯ ಸೆಕೆ, ಇಲ್ಲಿಯ ಒದ್ದೆ ಬೆಳಕು ಅವರ ಕಣ್ಣಿಗೆ ಹೇಗೆ ಕಂಡಿರಬಹುದು ಅಂತ ಬೆಂಚಿನ ಮೇಲೆ ಕೂತು ತುಂಬ ಹೊತ್ತು ಯೋಚಿಸಿದೆ.

ನಿನ್ನೆ ಮಳೆ ಬಿಟ್ಟಾಗ ಇಲ್ಲಿನ ಹೊಳೆ ಬದಿಯ ಹಳೇ ಕಾವಲು ಗೋಪುರ ಸುಲ್ತಾನ್ ಬತ್ತೇರಿಗೆ ಹೋಗಿ ಕೂತೆ. ಹೊಳೆಯ ಆಚೆ ತಣ್ಣೀರುಬಾವಿಯ ಮರಗಳು. ಮೊದಲಾದರೆ ಹಸಿರು ತೆಗೆದುಕೊಂಡು ಸುಮ್ನೆ ಮರ ಬಿಡಿಸುತ್ತಿದ್ದೆ. ನಿನ್ನೆ ಮರಕ್ಕಿಂತ ಮೊದಲು ನನಗೂ ಮರಕ್ಕೂ ನಡುವೆ ಇದ್ದ ಗಾಳಿ ಕಂಡಿತು. ಹಾಲು ಬೆರೆಸಿದ ಹಾಗಿನ ಬಿಳಿ. ಅದನ್ನೇ ಮೊದಲು ಹಚ್ಚಿದೆ.

ಆ ಚಿತ್ರ ಬಾಗಿಲ ಹತ್ತಿರ ಮೇಜಿನ ಮೇಲಿದೆ. ನಗ್ಗರ್‌ನ ಬಿಸಿಲಲ್ಲಾದರೆ ಹತ್ತು ನಿಮಿಷದಲ್ಲಿ ಒಣಗುತ್ತಿತ್ತು. ಇಲ್ಲಿ ಇವತ್ತಿಗೂ ಹಾಳೆ ತಣ್ಣಗಿದೆ. ಹೋಗುವಾಗ ಖಂಡಿತ ನೋಡಿ, ಮುಟ್ಟಬೇಡಿ.