ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದವರು ಯಾರು?

ಶ್ರೋತೃ ಬಂಧುಗಳಿಗೆ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿರುವವರಲ್ಲಿ ನಾಳೆಯ ಸಮಾಜ ವಿಜ್ಞಾನ ಪಾಠಕ್ಕೆ ಟಿಪ್ಪಣಿ ಬರೆದುಕೊಳ್ಳುತ್ತಿರುವ ಶಿಕ್ಷಕರೂ, ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡು ಇತಿಹಾಸದ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಿರುವ ತಂದೆತಾಯಂದಿರೂ ಇರುತ್ತೀರಿ ಎಂದು ಭಾವಿಸಿ, ನಿಮ್ಮನ್ನೇ ಉದ್ದೇಶಿಸಿ ಮಾತನಾಡುತ್ತೇನೆ. ನಾನು ಹೇಳಬೇಕಾಗಿರುವುದು ಒಂದೇ ಮಾತು. ದೊಡ್ಡ ವ್ಯಕ್ತಿಯೊಬ್ಬರ ಬಗ್ಗೆ ಪಾಠ ಮಾಡುವಾಗ ಅವರ ಸಾಧನೆಗಳ ಪಟ್ಟಿಯನ್ನು ಕೊಡಬೇಡಿ; ಅವರು ಯಾವ ಗಳಿಗೆಯಲ್ಲಿ, ಯಾರ ಯಾರ ನಡುವೆ ನಿಂತು, ಏನನ್ನು ತೀರ್ಮಾನಿಸಿದರು ಎಂಬುದನ್ನು ತೋರಿಸಿ.

ಈ ಮಾತನ್ನು ನನಗೆ ಕಲಿಸಿದವಳು ಒಬ್ಬ ಅಜ್ಜಿ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ, ಕೃಷ್ಣರಾಜಸಾಗರವನ್ನು, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯನ್ನು, ಕಟ್ಟಿದವರು ಯಾರು ಎಂದು ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಎಂದಿತು. ಆ ಸೀಮೆಯಲ್ಲಿ ಆ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ಅವರ ಪಟವೂ ಇರುತ್ತದೆ. ಆಗ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ನಮ್ಮ ಮುತ್ತಾತನೂ ಕಟ್ಟವ್ರೆ ಸಾರ್" ಎಂದಳು. ತರಗತಿ ನಕ್ಕಿತು. ನಾನು, "ಆಯ್ತು, ಕೂತ್ಕೊಳಮ್ಮ" ಎಂದು ಮುಂದಿನ ಪ್ರಶ್ನೆಗೆ ಹೋದೆ. ಹಾಗೆ ಹೋಗಬಾರದಿತ್ತು.

ಮರುದಿನ ಆ ಹುಡುಗಿ ತನ್ನ ಅಜ್ಜಿಯ ಕೈಹಿಡಿದುಕೊಂಡೇ ಶಾಲೆಗೆ ಬಂದಳು. ಅಜ್ಜಿ ಸೊಂಟದಲ್ಲಿ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಬಾಗಿಲ ಬಳಿಯೇ ನಿಂತರು, ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರಲಿಲ್ಲ. ಅವರ ತಂದೆ ಕಟ್ಟೆಯ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ಅಲ್ಲಿಯೇ ಗಾರೆ ಕಲಸಿದವರಂತೆ. ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಸಿಮೆಂಟಲ್ಲ, ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಸೇರಿಸಿದ ಸುರ್ಕಿ ಗಾರೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಸುಣ್ಣ ಮನುಷ್ಯನ ಕೈಯನ್ನು ಏನು ಮಾಡುತ್ತದೆ ಎಂಬುದನ್ನು ಓದಿರಲಿಲ್ಲ. "ನಮ್ಮಪ್ಪಂದು ಸುಣ್ಣ ತಿಂದ ಕೈ ಕಣ್ ಮೇಷ್ಟ್ರೇ. ಬೆರಳೆಲ್ಲ ಬಿರ್ಕೊಂಡು, ಸಾರು ತಾಕಿದ್ರೆ ಉರೀತಿತ್ತು. ಊರಿಗೆ ಬಂದಾಗ ಅವ್ವನೇ ಮುದ್ದೆ ಮುರಿದು ಬಾಯಿಗೆ ಇಕ್ಕೋಳು" ಎಂದರು ಅಜ್ಜಿ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಒಬ್ಬ ಹುಡುಗ ಮೆಲ್ಲಗೆ, "ಹಂಗಾರೆ ವಿಶ್ವೇಶ್ವರಯ್ಯನೋರು ಏನ್ ಮಾಡಿದ್ರಜ್ಜಿ?" ಎಂದು ಕೇಳಿದ. ಅಜ್ಜಿ ಗೋಡೆಯ ಮೇಲಿದ್ದ ಪಟದ ಕಡೆ ತಿರುಗಿ, "ಅದ ನಿಮ್ ಮೇಷ್ಟ್ರು ಹೇಳ್ಬೇಕು ಕಣಪ್ಪ" ಎಂದರು.

ನಾನು ಹೇಳಲಾರದೆ ನಿಂತೆ. ಕಟ್ಟೆಯ ಉದ್ದ, ಎತ್ತರ, ಇಸವಿ ಎಲ್ಲವೂ ಗೊತ್ತಿತ್ತು, ಆದರೆ ಆ ಒಬ್ಬ ವ್ಯಕ್ತಿ ನಿರ್ದಿಷ್ಟವಾಗಿ ಮಾಡಿದ್ದೇನು ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಎರಡು ವಾರ ನಾನೂ ಮಕ್ಕಳೂ ಸೇರಿ ಹುಡುಕಿದ್ದನ್ನೇ ಈಗ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಆ ಕಟ್ಟೆಯ ಅಗತ್ಯ ವಿಶ್ವೇಶ್ವರಯ್ಯನವರು ಬರುವ ಮೊದಲೇ ಇತ್ತು. 1876ರಿಂದ 78ರವರೆಗಿನ ಬರಗಾಲದ ಪೆಟ್ಟಿಗೆ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದ ಮೇಲೆ, ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಗಳ ಕೆಲಸಕ್ಕೇ ಅಡ್ಡಿಯಾಗುವಂತಿತ್ತು. ಅಲ್ಲಿ ಅಣೆಕಟ್ಟೆ ಬೇಕೆಂಬ ಯೋಚನೆಯೂ ಹೊಸದಲ್ಲ. ಟಿಪ್ಪು ಸುಲ್ತಾನನ ಕಾಲದ, 1794ರ ಪರ್ಷಿಯನ್ ಶಾಸನದ ಕಲ್ಲನ್ನು ಇಂದಿಗೂ ಕಟ್ಟೆಯ ಬಳಿ ನೋಡಬಹುದು. ಅಂದಮೇಲೆ ಕಾಲವೇ ಎಲ್ಲವನ್ನೂ ಮಾಡಿತು, ವ್ಯಕ್ತಿ ನಿಮಿತ್ತ ಮಾತ್ರ ಎಂದು ಕೆಲವರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದೇ ಇಲ್ಲ. ಅಗತ್ಯ ನೂರು ವರ್ಷದಿಂದ ಇತ್ತು, ಕಟ್ಟೆ ಮಾತ್ರ ಆಗಿರಲಿಲ್ಲ.

ಈಗ ಆ ಗಳಿಗೆಗೆ ಬನ್ನಿ. 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರು ಯೋಜನೆ ಮುಂದಿಟ್ಟಾಗ, ಇಷ್ಟು ಹಣ ಸುರಿಯುವುದೇ ಎಂಬ ಹಿಂಜರಿಕೆ ಸರ್ಕಾರದೊಳಗೇ ಇತ್ತು; ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ಕೊಟ್ಟರು. ಇನ್ನೊಂದು ಕಡೆ, ನದಿ ನೀರಿನ ಬಗ್ಗೆ ಮದ್ರಾಸಿನೊಡನೆ ಆಗಿದ್ದ 1892ರ ಒಪ್ಪಂದದ ಪ್ರಕಾರ ಮದ್ರಾಸಿನ ಸಮ್ಮತಿ ಬೇಕಾಗಿತ್ತು. ಮೈಸೂರು ಕೇಳಿದ್ದು ಸುಮಾರು 41 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ನಿಲ್ಲುವ ಕಟ್ಟೆ, ಮದ್ರಾಸು ಒಪ್ಪಿದ್ದು 11 ಟಿಎಂಸಿಗೆ. 1911ರಲ್ಲಿ ಕೆಲಸ ಶುರುವಾಯಿತು. ಒಪ್ಪಿಗೆ ಸಿಕ್ಕಿದ್ದು ಸಣ್ಣ ಕಟ್ಟೆಗೆ, ಆದರೆ ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಮೈಸೂರಿನವರು ಅಡಿಪಾಯ ಹಾಕಿದ್ದು ಮುಂದೊಂದು ದಿನ ಪೂರ್ಣ ಎತ್ತರದ ಕಟ್ಟೆಯನ್ನು ಹೊರುವಂತೆ. ಇದನ್ನು ಮಕ್ಕಳಿಗೆ ಎರಡು ಸಲ ಹೇಳಿ. ಮೇಲಿನ ಗೋಡೆ ಅನುಮತಿಯ ಲೆಕ್ಕದ್ದು, ಕೆಳಗಿನ ಅಡಿಪಾಯ ಮುಂದಿನ ತಲೆಮಾರಿನ ಲೆಕ್ಕದ್ದು. ಮದ್ರಾಸಿನ ಜೊತೆಗಿನ ತಕರಾರು ಮಧ್ಯಸ್ಥಿಕೆಗೆ ಹೋಗಿ, ಲಂಡನ್ನಿನವರೆಗೆ ಮುಟ್ಟಿ, 1924ರ ಒಪ್ಪಂದದಲ್ಲಿ ಬಗೆಹರಿದಾಗ, ಏರಿಸಲು ಬೇಕಾದ ಅಡಿಪಾಯ ನೆಲದೊಳಗೆ ಸಿದ್ಧವಾಗಿತ್ತು. ಅಜ್ಜಿ ನನಗೆ ಬಿಟ್ಟುಕೊಟ್ಟ ಪ್ರಶ್ನೆಗೆ ಉತ್ತರ ಅಲ್ಲಿದೆ.

ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಅಷ್ಟರಲ್ಲಿ ಮೈಸೂರಿನ ದಿವಾನರೂ ಆಗಿದ್ದ ವಿಶ್ವೇಶ್ವರಯ್ಯನವರು ಆ ಹುದ್ದೆಯನ್ನು ಬಿಟ್ಟದ್ದು 1918ರಲ್ಲಿ. ಮುಗಿಸಿದವರು, ನಾಲೆ ತೋಡಿದವರು, ಮಂಡ್ಯಕ್ಕೆ ಕಬ್ಬು ಮತ್ತು ಸಕ್ಕರೆ ಕಾರ್ಖಾನೆ ತರಲು ಶ್ರಮಿಸಿದ ಲೆಸ್ಲಿ ಕೋಲ್ಮನ್ನರಂಥವರು, ಎಲ್ಲರೂ ಈ ಪಾಠದೊಳಗೆ ಬರಬೇಕು. ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಡಲು ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸಗಳಲ್ಲಿ ಮೀಸಲಾತಿ ಕೊಡುವ ಪ್ರಶ್ನೆಯಲ್ಲಿ ಮಹಾರಾಜರೊಡನೆ ಬಂದ ಭಿನ್ನಾಭಿಪ್ರಾಯ ಕಾರಣವಾಯಿತು ಎಂಬುದನ್ನೂ ಮುಚ್ಚಿಡಬೇಡಿ. ಆ ವಿಷಯದಲ್ಲಿ ಮಹಾರಾಜರ ನಿಲುವೇ ಸರಿಯಾಗಿತ್ತು ಎಂದು ನಾನು ನಂಬುತ್ತೇನೆ, ಹಾಗೆಂದು ಕನ್ನಂಬಾಡಿಯ ಅಡಿಪಾಯ ಒಂದಂಗುಲವೂ ಕಿರಿದಾಗುವುದಿಲ್ಲ. ಸಮಯ ಕಡಿಮೆಯಿದೆ, ಇದನ್ನು ಇಲ್ಲಿಗೇ ಬಿಡುತ್ತೇನೆ.

ತರಗತಿಯಲ್ಲಿ ಮಾಡುವುದೇನು ಎಂದು ಶಿಕ್ಷಕರು ಕೇಳಬಹುದು. ಸೆಪ್ಟೆಂಬರ್ 15ರಂದು ಅವರ ಜನ್ಮದಿನಕ್ಕೆ ಪಟಕ್ಕೆ ಹಾರ ಹಾಕಿ, ಐದು ಮಕ್ಕಳಿಂದ ಒಂದೇ ಭಾಷಣವನ್ನು ಐದು ಸಲ ಒಪ್ಪಿಸಿ ಮುಗಿಸುತ್ತೇವೆ. ದಯವಿಟ್ಟು ಅದರ ಬದಲು ಒಂದು ಪೀರಿಯಡ್ ತೆಗೆದಿಡಿ. ಒಬ್ಬರು ಮಹಾರಾಜರಾಗಲಿ, ಒಬ್ಬರು ಖಜಾನೆಯ ಅಧಿಕಾರಿ, ಒಬ್ಬರು ಮದ್ರಾಸಿನ ಎಂಜಿನಿಯರ್, ಒಬ್ಬರು ಮುಖ್ಯ ಎಂಜಿನಿಯರ್, ಒಬ್ಬರು ಮುಳುಗಲಿರುವ ಹಳೇ ಕನ್ನಂಬಾಡಿಯ ರೈತ. ಇಸವಿ 1911. ಅಡಿಪಾಯ ಎಷ್ಟು ಅಗಲ ಹಾಕಬೇಕು ಎಂಬುದೊಂದೇ ಚರ್ಚೆ. ಮುಂದೆ ಏನಾಯಿತು ಎಂಬುದನ್ನು ಮೊದಲೇ ಹೇಳಬೇಡಿ, ತೀರ್ಮಾನಿಸುವ ಕಷ್ಟ ಮಕ್ಕಳಿಗೂ ಗೊತ್ತಾಗಲಿ.

ನಮ್ಮ ಶಾಲೆಯಲ್ಲಿ ಇದನ್ನು ಮೊದಲ ಸಲ ಮಾಡಿದಾಗ ಆ ಅಜ್ಜಿಯ ಮೊಮ್ಮಗಳು ರೈತನಾಗಿದ್ದಳು. ಮುಖ್ಯ ಎಂಜಿನಿಯರ್ ಆಗಿದ್ದ ಹುಡುಗ ನೀರಿನ ಲೆಕ್ಕ, ಕರೆಂಟಿನ ಲೆಕ್ಕ ಎಲ್ಲವನ್ನೂ ಗಂಭೀರವಾಗಿ ಒಪ್ಪಿಸಿ ಕುಳಿತ ಮೇಲೆ ಅವಳು ಎದ್ದು, "ಸ್ವಾಮಿ, ನಮ್ಮೂರ ಗೋಪಾಲಸ್ವಾಮಿ ಗುಡಿ ಏನಾಯ್ತದೆ?" ಎಂದು ಕೇಳಿದಳು. ಹುಡುಗ ತನ್ನ ಹಾಳೆಯನ್ನು ತಿರುವಿ ಹಾಕಿದ, ಅದರಲ್ಲಿ ಉತ್ತರವಿರಲಿಲ್ಲ. "ನಾಳೆ ಕೇಳ್ಕೊಂಡು ಬತ್ತೀನಿ" ಎಂದ. ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ, ಜೊತೆಗೆ ಅವನ ತಾತನೂ ಇದ್ದರು.

ನಮಸ್ಕಾರ.